ಏಳನೇ ದಿನ ಕಣ್ಣು ತೆರೆದ ಇಲಿಮರಿ

ಆಗತಾನೆ ಹುಟ್ಟಿದ ಇಲಿಮರಿಗೆ ಮೈಮೇಲೆ ಕೂದಲಿರುವುದಿಲ್ಲ, ಕಣ್ಣು ತೆರೆದಿರುವುದಿಲ್ಲ. ಬೆರಳ ತುದಿಯಷ್ಟಿರುವ ಆ ಕೆಂಪು ಜೀವ ಸುಮಾರು ಎರಡು ವಾರ ಕಳೆದ ಮೇಲೆ ರೆಪ್ಪೆ ಬಿಡಿಸಿ ಲೋಕವನ್ನು ನೋಡುತ್ತದೆ. 1950ರ ದಶಕದ ಕೊನೆಯ ವರ್ಷಗಳಲ್ಲಿ ಅಮೆರಿಕದ ಸೇಂಟ್ ಲೂಯಿಸ್ ನಗರದ ವಾಷಿಂಗ್ಟನ್ ವಿಶ್ವವಿದ್ಯಾಲಯದ ಪ್ರಯೋಗಾಲಯವೊಂದರಲ್ಲಿ ಕೆಲವು ಮರಿಗಳು ಏಳನೇ ದಿನಕ್ಕೇ ಕಣ್ಣು ಬಿಟ್ಟವು. ಬಾಯಲ್ಲಿ ಬಾಚಿಹಲ್ಲುಗಳೂ ಅವಧಿಗೆ ಮುನ್ನವೇ ಮೂಡಿದ್ದವು. ಆ ಮರಿಗಳಿಗೆ ದಿನವೂ ಚುಚ್ಚುಮದ್ದು ಕೊಡುತ್ತಿದ್ದ ಸ್ಟ್ಯಾನ್ಲಿ ಕೋಹೆನ್ ಎಂಬ ರಸಾಯನಶಾಸ್ತ್ರಜ್ಞರು ಹುಡುಕುತ್ತಿದ್ದದ್ದು ಇದನ್ನಲ್ಲ. ಬೇರೆಯವರಾಗಿದ್ದರೆ ಇದನ್ನು ಮದ್ದಿನಲ್ಲಿ ಬೆರೆತ ಕಲ್ಮಶದ ಕಾಟವೆಂದು ಬದಿಗೆ ಸರಿಸುತ್ತಿದ್ದರೇನೋ. ಕೋಹೆನ್ ಹಾಗೆ ಮಾಡಲಿಲ್ಲ.

ಮೂವತ್ತು ವರ್ಷಗಳ ಮೇಲೆ ಅದೇ ಕಲ್ಮಶ ಕೆನಡಾ ದೇಶದ ಇನ್ನೊಂದು ಪ್ರಯೋಗಾಲಯದಲ್ಲಿ ಬಲಿತ ಇಲಿಯ ಮಿದುಳಿನ ಕೋಶಗಳ ಮೇಲೆ ಬಿತ್ತು. ಆಗ ತೆರೆದದ್ದು ಇಲಿಯ ಕಣ್ಣಲ್ಲ, ನರವಿಜ್ಞಾನದ ಕಣ್ಣು. ಬೆಳೆದ ಪ್ರಾಣಿಯ ಮಿದುಳಿನಲ್ಲಿ ಹೊಸ ನರಕೋಶ ಹುಟ್ಟುವುದೇ ಇಲ್ಲವೆಂಬ ನಂಬಿಕೆ ಅಲ್ಲಿಂದ ಮುಂದೆ ನಿಲ್ಲಲಾಗಲಿಲ್ಲ. ಆದರೆ ಆ ನಂಬಿಕೆ ಅದಕ್ಕೂ ಮೊದಲು ಎಷ್ಟು ಜನರ ಕೆಲಸವನ್ನು ಹೂತುಹಾಕಿತ್ತು ಎಂಬುದು ಈ ಕಥೆಯ ಇನ್ನೊಂದು ಮುಖ.

ಕೋಹೆನ್ ಯಾರ ಜತೆ ಏನನ್ನು ಹುಡುಕುತ್ತಿದ್ದರು ಎಂಬುದನ್ನು ಮೊದಲು ನೋಡಬೇಕು. ಇಟಲಿಯ ಟ್ಯೂರಿನ್ ನಗರದಲ್ಲಿ 1909ರಲ್ಲಿ ಹುಟ್ಟಿದ ರೀಟಾ ಲೆವಿ-ಮೊಂಟಾಲ್ಚಿನಿ ವೈದ್ಯಶಾಸ್ತ್ರ ಓದಿದವರು. ಯಹೂದಿಯರೆಂಬ ಕಾರಣಕ್ಕೆ ಮುಸೊಲಿನಿಯ 1938ರ ಜನಾಂಗೀಯ ಶಾಸನಗಳು ಅವರನ್ನು ವಿಶ್ವವಿದ್ಯಾಲಯದಿಂದ ಹೊರಹಾಕಿದವು. ಯುದ್ಧಕಾಲದಲ್ಲಿ ಅವರು ಮಲಗುವ ಕೋಣೆಯನ್ನೇ ಪ್ರಯೋಗಾಲಯ ಮಾಡಿಕೊಂಡು, ಕೋಳಿಮೊಟ್ಟೆಯೊಳಗಿನ ಭ್ರೂಣದ ನರಗಳು ಬೆಳೆಯುವುದನ್ನೂ ಸಾಯುವುದನ್ನೂ ಪರೀಕ್ಷಿಸುತ್ತ ಕುಳಿತರು. ಯುದ್ಧ ಮುಗಿದ ಮೇಲೆ ಸೇಂಟ್ ಲೂಯಿಸಿಗೆ ಹೋಗಿ, ನರಗಳನ್ನು ಬೆಳೆಸುವ ಯಾವುದೋ ವಸ್ತು ಇದೆ ಎಂಬ ತೀರ್ಮಾನಕ್ಕೆ ಬಂದರು. ಆ ವಸ್ತು ಯಾವುದೆಂದು ಹಿಡಿಯಲು ರಸಾಯನಶಾಸ್ತ್ರ ಬಲ್ಲವರು ಬೇಕಾಗಿದ್ದರು. 1953ರಲ್ಲಿ ಬಂದವರು ಕೋಹೆನ್; ನ್ಯೂಯಾರ್ಕಿನ ಬ್ರೂಕ್ಲಿನ್‌ನ ದರ್ಜಿಯೊಬ್ಬರ ಮಗ.

ಅವರಿಗೆ ದಾರಿ ತೋರಿಸಿದ್ದು ಹಾವಿನ ವಿಷ ಎಂದರೆ ನಂಬುವುದು ಕಷ್ಟ. ತಾವು ತೆಗೆದ ಸಾರದಲ್ಲಿ ನ್ಯೂಕ್ಲಿಯಿಕ್ ಆಮ್ಲ ಇದೆಯೇ ಎಂದು ತಿಳಿಯಲು, ಅದನ್ನು ಒಡೆಯುವ ಕಿಣ್ವವಿರುವ ಹಾವಿನ ವಿಷವನ್ನು ಕೋಹೆನ್ ಅದಕ್ಕೆ ಸೇರಿಸಿದರು. ನರಗಳ ಬೆಳವಣಿಗೆ ನಿಲ್ಲುವ ಬದಲು ಹೆಚ್ಚಾಯಿತು. ವಿಷವೊಂದನ್ನೇ ಹಾಕಿ ನೋಡಿದಾಗಲೂ ನರಗಳು ಬೆಳೆದವು! ಹಾವಿನ ವಿಷದ ಗ್ರಂಥಿ ಎಂದರೆ ಒಂದು ಬಗೆಯ ಜೊಲ್ಲುಗ್ರಂಥಿಯೇ ತಾನೆ ಎಂದು ಯೋಚಿಸಿ ಅವರು ಗಂಡು ಇಲಿಗಳ ದವಡೆಯ ಕೆಳಗಿನ ಜೊಲ್ಲುಗ್ರಂಥಿಗೆ ಬಂದರು. ನರ ಬೆಳವಣಿಗೆಯ ಅಂಶ ಅಲ್ಲಿ ಯಥೇಚ್ಛವಾಗಿ ಸಿಕ್ಕಿತು. ಅದರ ಜತೆಯಲ್ಲೇ ಇದ್ದದ್ದು ಕಣ್ಣು ತೆರೆಸುವ ಆ ಎರಡನೆಯ ವಸ್ತು.

1959ರಲ್ಲಿ ಕೋಹೆನ್ ನ್ಯಾಶ್‌ವಿಲ್ ನಗರದ ವ್ಯಾಂಡರ್‌ಬಿಲ್ಟ್ ವಿಶ್ವವಿದ್ಯಾಲಯಕ್ಕೆ ಹೋದರು. ಆ ಎರಡನೆಯ ವಸ್ತುವನ್ನು ಬೇರ್ಪಡಿಸಿದ ವಿವರ 1962ರಲ್ಲಿ ಅಚ್ಚಾಯಿತು. ಚರ್ಮದ ಹೊರಪದರದ ಕೋಶಗಳನ್ನು ಹೆಚ್ಚಿಸುವುದರಿಂದ ಮುಂದೆ ಅದಕ್ಕೆ ಎಪಿಡರ್ಮಲ್ ಗ್ರೋತ್ ಫ್ಯಾಕ್ಟರ್, ಚಿಕ್ಕದಾಗಿ ಇ.ಜಿ.ಎಫ್. ಎಂಬ ಹೆಸರು ನಿಂತಿತು. 1972ರ ಹೊತ್ತಿಗೆ ಅದರ ರಚನೆ ತಿಳಿದಿತ್ತು: 53 ಅಮೈನೋ ಆಮ್ಲಗಳನ್ನು ಮಣಿಗಳಂತೆ ಪೋಣಿಸಿದ ಒಂದು ಸರ. ಇಂಥ ಚಿಕ್ಕ ಸರಗಳನ್ನೇ ಪೆಪ್ಟೈಡ್ ಎನ್ನುವುದು. ಮಣಿಗಳ ಸಂಖ್ಯೆ ನೂರಾರಾದರೆ ಅದು ಪ್ರೋಟೀನ್. 51 ಮಣಿಗಳಿರುವ ಇನ್ಸುಲಿನ್ ಎಲ್ಲರಿಗೂ ಗೊತ್ತಿರುವ ಪೆಪ್ಟೈಡ್.

ಪೆಪ್ಟೈಡ್ ಕೆಲಸ ಮಾಡುವ ರೀತಿ ಸ್ವಾರಸ್ಯವಾದದ್ದು. ಅದು ಸಾಮಾನ್ಯವಾಗಿ ಕೋಶದೊಳಕ್ಕೆ ನುಗ್ಗಿ ಏನನ್ನೂ ಮಾಡುವುದಿಲ್ಲ. ಹೊರಗೆ ನಿಂತು ಕದ ತಟ್ಟುತ್ತದೆ. ಕೋಶದ ಹೊರಪೊರೆಯಲ್ಲಿ ಅದಕ್ಕೆಂದೇ ಇರುವ ಗ್ರಾಹಕವೊಂದು ಅದನ್ನು ಹಿಡಿದುಕೊಳ್ಳುತ್ತದೆ. ಹಿಡಿದ ಕ್ಷಣ ಗ್ರಾಹಕದ ಒಳತುದಿ ಚುರುಕಾಗಿ, ಕೋಶದೊಳಗಿನ ಇತರ ಪ್ರೋಟೀನುಗಳಿಗೆ ಒಂದೊಂದು ಫಾಸ್ಫೇಟ್ ಕಣವನ್ನು ಅಂಟಿಸುತ್ತದೆ. ಒಬ್ಬರಿಂದ ಒಬ್ಬರಿಗೆ ಸುದ್ದಿ ದಾಟಿದಂತೆ ಆ ಸಂದೇಶ ಕೋಶಕೇಂದ್ರದವರೆಗೆ ಹೋಗಿ, ವಂಶವಾಹಿಗಳಲ್ಲಿ ಕೆಲವನ್ನು ಎಬ್ಬಿಸುತ್ತದೆ, ಕೆಲವನ್ನು ಮಲಗಿಸುತ್ತದೆ. ಗ್ರಾಹಕವಿಲ್ಲದ ಕೋಶಕ್ಕೆ ಎಷ್ಟು ಪೆಪ್ಟೈಡ್ ಸುರಿದರೂ ಅಷ್ಟೆ, ಅದಕ್ಕೆ ಕೇಳಿಸುವುದೇ ಇಲ್ಲ. ಈ ಮಾತನ್ನು ನೆನಪಿಟ್ಟುಕೊಳ್ಳಬೇಕು, ಮುಂದೆ ಬೇಕಾಗುತ್ತದೆ. 1986ರಲ್ಲಿ ಕೋಹೆನ್ ಮತ್ತು ಲೆವಿ-ಮೊಂಟಾಲ್ಚಿನಿ ಇಬ್ಬರಿಗೂ ವೈದ್ಯವಿಜ್ಞಾನದ ನೊಬೆಲ್ ಪ್ರಶಸ್ತಿ ಬಂತು. ಆಗ ಇ.ಜಿ.ಎಫ್. ಚರ್ಮದ, ಗಾಯದ, ಕ್ಯಾನ್ಸರಿನ ವಿಷಯವಾಗಿತ್ತು. ಬಲಿತ ಮಿದುಳಿನಲ್ಲಿ ಅದು ಹೊಸ ಕೋಶ ಹುಟ್ಟಿಸೀತೆಂದು ಎಣಿಸಲು ಕಾರಣವೇ ಇರಲಿಲ್ಲ.

ಏಕೆಂದರೆ ಬಲಿತ ಮಿದುಳಿನ ಬಗ್ಗೆ ತೀರ್ಪು ಯಾವಾಗಲೋ ಆಗಿಹೋಗಿತ್ತು. ಅದನ್ನು ಕೊಟ್ಟವರು ಸಾಮಾನ್ಯರಲ್ಲ. ಸ್ಪೇನಿನ ಸಾಂಟಿಯಾಗೊ ರಮೋನ್ ಇ ಕಹಾಲ್ ಆಧುನಿಕ ನರವಿಜ್ಞಾನದ ಮೂಲಪುರುಷ. ಮಿದುಳು ಒಂದೇ ಹೆಣೆದ ಬಲೆಯಲ್ಲ, ಬಿಡಿಬಿಡಿಯಾದ ನರಕೋಶಗಳ ಸಮೂಹ ಎಂದು ತೋರಿಸಿ 1906ರ ನೊಬೆಲ್ ಪ್ರಶಸ್ತಿಯನ್ನು ಇಟಲಿಯ ಕಮಿಲ್ಲೊ ಗಾಲ್ಜಿಯವರೊಂದಿಗೆ ಹಂಚಿಕೊಂಡವರು. ಅವರು ಕೈಯಾರೆ ಬರೆದ ನರಕೋಶದ ಚಿತ್ರಗಳನ್ನು ಇಂದಿಗೂ ಪಾಠಕ್ಕೆ ಬಳಸುತ್ತಾರೆ. ನರಗಳ ಅಳಿವು ಮತ್ತು ಮರುಬೆಳವಣಿಗೆಯ ಬಗ್ಗೆ 1913-14ರಲ್ಲಿ ಬಂದ ಅವರ ದೊಡ್ಡ ಗ್ರಂಥದಲ್ಲಿ, ಪ್ರಾಯಕ್ಕೆ ಬಂದ ಪ್ರಾಣಿಯ ಮಿದುಳಿನಲ್ಲಿ ಸಾಯುವುದುಂಟು, ಹುಟ್ಟುವುದಿಲ್ಲ ಎಂಬರ್ಥದ ಮಾತಿದೆ. ಸಾಧ್ಯವಾದರೆ ಮುಂದಿನ ವಿಜ್ಞಾನ ಈ ಕಟ್ಟಳೆಯನ್ನು ಬದಲಿಸಲಿ ಎಂದೂ ಅವರು ಸೇರಿಸಿದ್ದರು. ಮೊದಲನೆಯ ಮಾತು ಪಠ್ಯಪುಸ್ತಕಗಳಿಗೆ ಹೋಯಿತು, ಎರಡನೆಯದನ್ನು ಬಹಳ ಕಾಲ ಯಾರೂ ಮನಸ್ಸಿಗೆ ಹಚ್ಚಿಕೊಳ್ಳಲಿಲ್ಲ. ದೊಡ್ಡವರ ಮಾತಿಗೆ ಇಂಥ ಗತಿ ಎಲ್ಲ ಕಾಲದಲ್ಲೂ ಬಂದಿದೆ.

ನಂಬಿಕೆಗೆ ಆಧಾರವಿಲ್ಲದಿರಲಿಲ್ಲ. ನರಕೋಶ ಎಂದರೆ ಮೈತುಂಬ ಕವಲೊಡೆದ ಮರ. ಸಾವಿರಾರು ಕಡೆ ನೆರೆಹೊರೆಯವರೊಂದಿಗೆ ಕೊಂಡಿ ಹಾಕಿಕೊಂಡ ಅಂಥ ಕೋಶ ಚರ್ಮದ ಕೋಶದಂತೆ ಎರಡಾಗಿ ಒಡೆಯುವುದೆಂದರೆ ಊಹೆಗೂ ನಿಲುಕುವಂಥದ್ದಲ್ಲ. ಅದು ಒಡೆಯುವುದೂ ಇಲ್ಲ. ಪಾರ್ಶ್ವವಾಯು ಹೊಡೆದವರ ಕೈ ಮೊದಲಿನಂತೆ ಏಳದಿರುವುದನ್ನು ಪ್ರತಿ ಊರಿನಲ್ಲೂ ಜನ ಕಂಡಿದ್ದಾರೆ. ಕಹಾಲ್ ನೋಡದೆ ಹೋದದ್ದು ಬಲಿತ ನರಕೋಶವನ್ನಲ್ಲ, ಅದರ ಹಿಂದೆ ಇರಬಹುದಾದ ಬೀಜವನ್ನು. ರೈತ ಕಣಜದ ಕಾಳನ್ನೆಲ್ಲ ಉಣ್ಣುವುದಿಲ್ಲ, ಬಿತ್ತನೆಗೆಂದು ಒಂದಿಷ್ಟು ಬೇರೆ ಎತ್ತಿಡುತ್ತಾನೆ. ದೇಹದಲ್ಲಿ ಹೀಗೆ ಎತ್ತಿಟ್ಟ ಕೋಶಗಳಿಗೆ ಆಕರಕೋಶ, ಇಂಗ್ಲಿಷಿನಲ್ಲಿ ಸ್ಟೆಮ್ ಸೆಲ್ ಎಂಬ ಹೆಸರು. ತಾನೂ ಉಳಿದುಕೊಂಡು ಬೇರೆ ಕೋಶವನ್ನೂ ಹುಟ್ಟಿಸುವುದು ಅದರ ಗುಣ. ಎಲುಬಿನ ಮಜ್ಜೆಯಲ್ಲಿ, ಕರುಳಿನಲ್ಲಿ, ಚರ್ಮದಲ್ಲಿ ಅವು ಇವೆ. ಮಿದುಳಿನಲ್ಲೂ ಇದ್ದರೆ? ಅವನ್ನು ನೋಡಬಲ್ಲ ಬಣ್ಣವಾಗಲೀ ಉಪಕರಣವಾಗಲೀ ಕಹಾಲರ ಕಾಲದಲ್ಲಿ ಇರಲಿಲ್ಲ.

ಉಪಕರಣ 1950ರ ದಶಕದ ಕೊನೆಯಲ್ಲಿ ಬಂತು. ಕೋಶ ಒಡೆಯುವ ಮುನ್ನ ತನ್ನ ಡಿ.ಎನ್.ಎ.ಯನ್ನು ನಕಲು ಮಾಡಿಕೊಳ್ಳಬೇಕು, ಅದಕ್ಕೆ ಥೈಮಿಡಿನ್ ಎಂಬ ಕಚ್ಚಾವಸ್ತು ಬೇಕು. ವಿಕಿರಣ ಸೂಸುವ ಹೈಡ್ರೋಜನ್ ಸೇರಿಸಿದ ಥೈಮಿಡಿನ್ನನ್ನು ಪ್ರಾಣಿಗೆ ಚುಚ್ಚಿದರೆ, ಆ ಹೊತ್ತಿನಲ್ಲಿ ಒಡೆಯಲು ಸಿದ್ಧವಾದ ಕೋಶಗಳು ಮಾತ್ರ ಅದನ್ನು ಹೀರಿಕೊಳ್ಳುತ್ತವೆ. ಆಮೇಲೆ ಮಿದುಳನ್ನು ತೆಳುವಾದ ಪದರಗಳಾಗಿ ಕೊಯ್ದು, ಮೇಲೆ ಛಾಯಾಚಿತ್ರದ ಲೇಪ ಬಳಿದು ವಾರಗಟ್ಟಲೆ ಕತ್ತಲಲ್ಲಿಟ್ಟರೆ ಹೊಸ ಕೋಶದ ಮೇಲೆ ಕಪ್ಪು ಚುಕ್ಕೆಗಳು ಮೂಡುತ್ತವೆ.

ಈ ಉಪಾಯವನ್ನು ಬಲಿತ ಮಿದುಳಿಗೆ ಹಚ್ಚಿದವರು ಜೋಸೆಫ್ ಆಲ್ಟ್‌ಮನ್. 1925ರಲ್ಲಿ ಬುಡಾಪೆಸ್ಟಿನ ಯಹೂದಿ ಕುಟುಂಬದಲ್ಲಿ ಹುಟ್ಟಿ, ಯುರೋಪಿನ ನರಮೇಧದಿಂದ ಬದುಕಿ ಉಳಿದು, ಅಮೆರಿಕ ಸೇರಿದವರು. ಮೆಸಾಚುಸೆಟ್ಸ್ ತಾಂತ್ರಿಕ ಸಂಸ್ಥೆಯಲ್ಲಿದ್ದಾಗ 1962ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಅವರು ಒಂದು ಪ್ರಶ್ನೆ ಎತ್ತಿದರು: ಬೆಳೆದ ಸಸ್ತನಿಯ ಮಿದುಳಿನಲ್ಲಿ ಹೊಸ ನರಕೋಶ ಹುಟ್ಟುತ್ತದೆಯೇ? 1965ರಲ್ಲಿ ಗೋಪಾಲ್ ದಾಸ್ ಅವರೊಂದಿಗೆ ಪ್ರಕಟಿಸಿದ ಲೇಖನ ಉತ್ತರ ಕೊಟ್ಟಿತು. ರ್‍ಯಾಟ್ ಜಾತಿಯ ದೊಡ್ಡ ಇಲಿಗಳಲ್ಲಿ, ನೆನಪಿಗೆ ಸಂಬಂಧಿಸಿದ ಹಿಪ್ಪೊಕ್ಯಾಂಪಸ್ ಎಂಬ ಭಾಗದಲ್ಲಿ ಹುಟ್ಟಿದ ಮೇಲೂ ನರಕೋಶಗಳು ಸೇರ್ಪಡೆಯಾಗುತ್ತಿದ್ದವು. 1969ರಲ್ಲಿ ಇನ್ನೊಂದು ಸಂಗತಿ ಹೊರಬಿತ್ತು. ಮಿದುಳಿನೊಳಗೆ ನೀರು ತುಂಬಿದ ಕುಹರಗಳಿವೆಯಷ್ಟೆ. ಅವುಗಳ ಗೋಡೆಯ ಬಳಿ ಹುಟ್ಟಿದ ಕೋಶಗಳು ಸಾಲುಗಟ್ಟಿ ಮುಂದಕ್ಕೆ ಚಲಿಸಿ, ವಾಸನೆ ಗುರುತಿಸುವ ಘ್ರಾಣಗಡ್ಡೆಯನ್ನು ಸೇರುತ್ತಿದ್ದವು.

ಈಗ ನೋಡಿದರೆ ಮುಖ್ಯವಾದ ಮಾತೆಲ್ಲವೂ ಆ ಏಳು ವರ್ಷಗಳಲ್ಲೇ ಮುಗಿದಿತ್ತು. ವಿಜ್ಞಾನಲೋಕ ಅದನ್ನು ಕೇಳಿಸಿಕೊಳ್ಳಲಿಲ್ಲ. ಚುಕ್ಕೆ ಬಿದ್ದ ಕೋಶಗಳು ತೀರ ಚಿಕ್ಕವು, ಅವು ನರಕೋಶವಲ್ಲ, ನರಕೋಶಕ್ಕೆ ಒತ್ತಾಸೆಯಾಗಿರುವ ಗ್ಲಿಯಾ ಕೋಶಗಳಿರಬೇಕು ಎಂಬುದು ಆಕ್ಷೇಪ. ಆಕ್ಷೇಪ ತಪ್ಪೇನಲ್ಲ, ಸಾಮಾನ್ಯ ಸೂಕ್ಷ್ಮದರ್ಶಕದಲ್ಲಿ ಎರಡನ್ನೂ ಬೇರ್ಪಡಿಸಿ ನೋಡುವುದು ಸುಲಭವಿರಲಿಲ್ಲ. ಆದರೆ ಬೇರ್ಪಡಿಸಿ ನೋಡುವ ಉತ್ಸಾಹವೂ ಯಾರಿಗೂ ಇರಲಿಲ್ಲ. 1968ರಲ್ಲಿ ಆಲ್ಟ್‌ಮನ್ ಇಂಡಿಯಾನಾ ರಾಜ್ಯದ ಪರ್ಡ್ಯೂ ವಿಶ್ವವಿದ್ಯಾಲಯಕ್ಕೆ ಹೋಗಿ, ಮುಂದೆ ಪತ್ನಿ ಶರ್ಲಿ ಬೇಯರ್ ಅವರೊಂದಿಗೆ ಮಿದುಳು ಬೆಳೆಯುವ ಕ್ರಮದ ನಕಾಶೆಗಳನ್ನು ಬರೆಯುತ್ತ ದಶಕಗಳನ್ನು ಕಳೆದರು.

ಆ ಉತ್ಸಾಹ ತೋರಿದ ತರುಣ ಮೈಕೆಲ್ ಕಪ್ಲಾನ್. ಬಾಸ್ಟನ್ ವಿಶ್ವವಿದ್ಯಾಲಯದಲ್ಲಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಡಿ ಚುಕ್ಕೆ ಬಿದ್ದ ಕೋಶಗಳನ್ನು ಹಿಡಿದು, ಅವುಗಳಿಗೆ ನರಕೋಶದ ಕವಲುಗಳೂ ಕೊಂಡಿಗಳೂ ಇರುವುದನ್ನು 1977ರಲ್ಲಿ ತೋರಿಸಿದರು. ಗ್ಲಿಯಾ ಎಂದು ಹೇಳಲು ಇನ್ನು ಜಾಗವಿರಲಿಲ್ಲ. ಆದರೂ ಮನ್ನಣೆ ಸಿಗಲಿಲ್ಲ. ಕಪ್ಲಾನ್ ಸಂಶೋಧನೆ ಬಿಟ್ಟು ವೈದ್ಯವೃತ್ತಿಗೆ ಹೊರಟುಹೋದರು. 2001ರಲ್ಲಿ ಅವರು ಬರೆದ ನೆನಪಿನ ಲೇಖನದ ಶೀರ್ಷಿಕೆಯೇ ಒಂದು ಸಿದ್ಧಾಂತದ ಸಾವನ್ನೂ ಒಂದು ಸಂಶೋಧನಾ ಜೀವನದ ಸಾವನ್ನೂ ಒಟ್ಟಿಗೆ ಹೆಸರಿಸುತ್ತದೆ.

ಎದುರು ಪಕ್ಷದಲ್ಲಿದ್ದವರು ಹಟಮಾರಿಗಳಷ್ಟೇ ಆಗಿದ್ದರು ಎನ್ನುವುದು ನ್ಯಾಯವಲ್ಲ. ಯೇಲ್ ವಿಶ್ವವಿದ್ಯಾಲಯದ ಪಾಸ್ಕೊ ರಾಕಿಚ್ 12 ರೀಸಸ್ ಕೋತಿಗಳ ಮಿದುಳುಗಳನ್ನು ಪದರಪದರವಾಗಿ ಪರೀಕ್ಷಿಸಿ, ಬೆಳೆದ ಕೋತಿಯಲ್ಲಿ ಹೊಸ ನರಕೋಶ ಕಾಣುವುದಿಲ್ಲವೆಂದು 1985ರಲ್ಲಿ ಬರೆದರು. ಅವರ ವಾದದಲ್ಲಿ ತೂಕವಿತ್ತು. ಕೋತಿ, ಮನುಷ್ಯರಂಥ ಪ್ರಾಣಿಗಳು ಬಾಲ್ಯದಲ್ಲಿ ಕಲಿತದ್ದನ್ನು ಬದುಕಿನುದ್ದಕ್ಕೂ ಇಟ್ಟುಕೊಳ್ಳಬೇಕು; ಹಳೆಯ ಕೋಶಗಳ ನಡುವೆ ಹೊಸಬರು ಬಂದು ಕೂರುತ್ತಿದ್ದರೆ ಕಟ್ಟಿಟ್ಟ ನೆನಪು ಉಳಿಯುವುದು ಹೇಗೆ? ಮುಂದೆ 1999ರಲ್ಲಿ ರಾಕಿಚ್‌ರೇ ಸಹೋದ್ಯೋಗಿ ಡೇವಿಡ್ ಕಾರ್ನಾಕ್ ಜತೆಗೂಡಿ ಬೆಳೆದ ಕೋತಿಯ ಹಿಪ್ಪೊಕ್ಯಾಂಪಸ್‌ನಲ್ಲಿ ಹೊಸ ಕೋಶಗಳನ್ನು ಕಂಡು ವರದಿ ಮಾಡಿದರು ಎಂಬುದನ್ನೂ ಇಲ್ಲೇ ಹೇಳಿಬಿಡಬೇಕು.

ನಡುವೆ ಒಂದು ಹಕ್ಕಿ ಹಾಡಿತು. ಅರ್ಜೆಂಟೀನಾ ಮೂಲದ ಫರ್ನಾಂಡೊ ನಾಟೆಬಾಮ್ ನ್ಯೂಯಾರ್ಕಿನ ರಾಕ್‌ಫೆಲರ್ ವಿಶ್ವವಿದ್ಯಾಲಯದಲ್ಲಿ ಕ್ಯಾನರಿ ಹಕ್ಕಿಗಳನ್ನು ಸಾಕಿದ್ದರು. ಗಂಡು ಕ್ಯಾನರಿಯ ಮಿದುಳಿನಲ್ಲಿ ಹಾಡಿಗೆ ಮೀಸಲಾದ ಭಾಗ ವಸಂತದಲ್ಲಿ ಉಬ್ಬಿ, ಹಾಡಿನ ಕಾಲ ಮುಗಿದ ಮೇಲೆ ಕುಗ್ಗುವುದನ್ನು 1981ರಲ್ಲಿ ಅವರು ತೋರಿಸಿದರು. 1983ರಲ್ಲಿ ಸ್ಟೀವನ್ ಗೋಲ್ಡ್‌ಮನ್ ಜತೆ ಸೇರಿ, ಬೆಳೆದ ಹಕ್ಕಿಯ ಆ ಭಾಗಕ್ಕೆ ಹೊಸ ನರಕೋಶಗಳು ಬಂದು ಸೇರುವುದನ್ನು ಸಾಬೀತು ಮಾಡಿದರು. ಈ ಬಾರಿ ಜನ ನಂಬಿದರು. ಆದರೆ ಹಕ್ಕಿ ಹಕ್ಕಿಯೇ, ಅದಕ್ಕೂ ಸಸ್ತನಿಗೂ ಏನು ಸಂಬಂಧ ಎಂದು ಸುಮ್ಮನಾದರು.

ಹೀಗಿರುವಾಗ ಕೆನಡಾದ ಕ್ಯಾಲ್ಗರಿ ವಿಶ್ವವಿದ್ಯಾಲಯದ ಸ್ಯಾಮುಯೆಲ್ ವೈಸ್ ಮತ್ತು ಅವರ ವಿದ್ಯಾರ್ಥಿ ಬ್ರೆಂಟ್ ರೆನಾಲ್ಡ್ಸ್ ಬೆಳೆದ ಇಲಿಯ ಮಿದುಳಿಗೆ ಕೈ ಹಾಕಿದರು. ಇದು ರ್‍ಯಾಟ್ ಅಲ್ಲ, ಮನೆಯ ಮೂಲೆಗಳಲ್ಲಿ ಓಡಾಡುವ ಪುಟ್ಟ ಇಲಿಯ ಜಾತಿ. 3 ತಿಂಗಳಿಂದ 18 ತಿಂಗಳವರೆಗಿನ ಇಲಿಗಳನ್ನು ಅವರು ಆರಿಸಿಕೊಂಡಿದ್ದರು. 18 ತಿಂಗಳ ಇಲಿ ಎಂದರೆ ಅದಾಗಲೇ ಮುದಿಯಾಗಿರುತ್ತದೆ. ಮಿದುಳಿನ ಒಳಗೆ ಕುಹರದ ಪಕ್ಕದಲ್ಲಿರುವ ಸ್ಟ್ರಯೇಟಮ್ ಎಂಬ ಭಾಗವನ್ನು ತೆಗೆದು, ಕೋಶಗಳನ್ನು ಬಿಡಿಬಿಡಿಯಾಗಿಸಿ, ಗಾಜಿನ ತಟ್ಟೆಯ ಪೋಷಕ ದ್ರವದಲ್ಲಿಟ್ಟರು. ಆ ದ್ರವಕ್ಕೆ ಕೋಹೆನ್‌ರ 53 ಮಣಿಗಳ ಪೆಪ್ಟೈಡ್ ಸೇರಿಸಿದರು.

ಬಹುಪಾಲು ಕೋಶಗಳು ಸತ್ತವು. ಅದು ನಿರೀಕ್ಷಿತವೇ. ಆದರೆ ಅಲ್ಲೊಂದು ಇಲ್ಲೊಂದು ಕೋಶ ಉಳಿದು, ಒಡೆದು, ಮತ್ತೆ ಒಡೆದು, ಕೆಲವು ದಿನಗಳಲ್ಲಿ ತಟ್ಟೆಯ ತಳ ಬಿಟ್ಟು ತೇಲುವ ಪುಟ್ಟ ಉಂಡೆಗಳಾದವು. ಒಂದು ಉಂಡೆಯನ್ನು ಒಡೆದು ಕೋಶಗಳನ್ನು ಮತ್ತೆ ಬೇರ್ಪಡಿಸಿದರೆ ಅವುಗಳಿಂದ ಹೊಸ ಉಂಡೆಗಳು ಬೆಳೆದವು. ತಕ್ಕ ನೆಲೆ ಒದಗಿಸಿದಾಗ ಉಂಡೆಯ ಕೋಶಗಳಲ್ಲಿ ಕೆಲವು ನರಕೋಶಗಳಾದವು, ಕೆಲವು ಗ್ಲಿಯಾ ಜಾತಿಯ ಆಸ್ಟ್ರೋಸೈಟುಗಳಾದವು. ಆ ನರಕೋಶಗಳು ಸ್ಟ್ರಯೇಟಮ್‌ನ ನಿಜವಾದ ನರಕೋಶಗಳಲ್ಲಿರುವ ಗಾಬಾ ಎಂಬ ರಾಸಾಯನಿಕವನ್ನೂ ಸಬ್‌ಸ್ಟೆನ್ಸ್ ಪಿ ಎಂಬ ಇನ್ನೊಂದು ಪೆಪ್ಟೈಡನ್ನೂ ತಯಾರಿಸುತ್ತಿದ್ದವು. ಉಳಿಯುವುದು, ಹೆಚ್ಚುವುದು, ಬಗೆಬಗೆಯ ಕೋಶಗಳಾಗುವುದು ಎಂಬ ಮೂರೂ ಲಕ್ಷಣ ಕಂಡಮೇಲೆ ಅವು ಆಕರಕೋಶಗಳಲ್ಲದೆ ಮತ್ತೇನು? 1992ರ ಮಾರ್ಚಿನಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಇದು ಪ್ರಕಟವಾಯಿತು. ಮೂವತ್ತು ವರ್ಷಗಳ ಹಿಂದೆ ಆಲ್ಟ್‌ಮನ್ ತಮ್ಮ ಪ್ರಶ್ನೆಯನ್ನು ಎತ್ತಿದ್ದೂ ಅದೇ ಪತ್ರಿಕೆಯಲ್ಲಿ. ಕೋಹೆನ್ ತಮ್ಮ ಪೆಪ್ಟೈಡನ್ನು ಬೇರ್ಪಡಿಸಿದ್ದೂ ಅದೇ 1962ರಲ್ಲಿ. ಒಬ್ಬರ ಪ್ರಶ್ನೆಗೆ ಇನ್ನೊಬ್ಬರ ಸೀಸೆಯಲ್ಲಿ ಉತ್ತರವಿದೆ ಎಂದು ಆಗ ಇಬ್ಬರಿಗೂ ತಿಳಿಯುವಂತಿರಲಿಲ್ಲ.

ತಟ್ಟೆಯಲ್ಲಿ ಆದದ್ದು ಮಿದುಳಿನಲ್ಲೂ ಆಗುತ್ತದೆಯೇ? ನಾಟೆಬಾಮ್‌ರ ಶಿಷ್ಯರಾಗಿದ್ದ ಮೆಕ್ಸಿಕೋದ ಆರ್ಟುರೊ ಆಲ್ವಾರೆಸ್-ಬುಯಾ ಮತ್ತು ಕಾರ್ಲೋಸ್ ಲೋಯಿಸ್ 1994ರಲ್ಲಿ ಉತ್ತರ ತಂದರು. ಬೆಳೆದ ಇಲಿಯ ಕುಹರದ ಗೋಡೆಯ ಬಳಿ ಹುಟ್ಟಿದ ಎಳೆಯ ಕೋಶಗಳು ಕೆಲವು ಮಿಲಿಮೀಟರ್ ದೂರ ಸಾಗಿ ಘ್ರಾಣಗಡ್ಡೆಯಲ್ಲಿ ನರಕೋಶಗಳಾಗುತ್ತಿದ್ದವು. ಮಿಲಿಮೀಟರ್ ಎಂದರೆ ನಗು ಬಂದೀತು. ಮಿಲಿಮೀಟರಿನ ನೂರನೆಯ ಒಂದು ಪಾಲಿನಷ್ಟಿರುವ ಕೋಶಕ್ಕೆ ಅದು ಕಾಲ್ನಡಿಗೆಯ ಯಾತ್ರೆ. ಒಂದನ್ನೊಂದು ಹಿಡಿದುಕೊಂಡು ಸರಪಳಿಯಾಗಿ ಅವು ಹೋಗುತ್ತವೆ. ಆಲ್ಟ್‌ಮನ್ 1969ರಲ್ಲಿ ಹೇಳಿದ್ದ ದಾರಿಯೇ ಇದು. ಪ್ರತಿದಿನ ಸಾವಿರಾರು ಕೋಶಗಳು ಈ ದಾರಿ ಹಿಡಿಯುತ್ತವೆ, ಅವುಗಳಲ್ಲಿ ಬಹಳಷ್ಟು ಕೆಲವೇ ವಾರಗಳಲ್ಲಿ ಸಾಯುತ್ತವೆ.

ಬೀಜಕೋಶ ಯಾವುದು ಎಂಬ ಪ್ರಶ್ನೆ ಇನ್ನೂ ಉಳಿದಿತ್ತು. 1999ರಲ್ಲಿ ಫಿಯೋನಾ ಡೋಚ್ ಮತ್ತು ಆಲ್ವಾರೆಸ್-ಬುಯಾ ಅವರ ತಂಡ ಜಾಣ ಪ್ರಯೋಗ ಮಾಡಿತು. ಬೇಗಬೇಗ ಒಡೆಯುವ ಕೋಶಗಳನ್ನು ಕೊಲ್ಲುವ ಕ್ಯಾನ್ಸರ್ ಔಷಧಿಯೊಂದನ್ನು ಇಲಿಯ ಮಿದುಳಿಗೆ ಆರು ದಿನ ಹರಿಸಿದರು. ಎಳೆಯ ಕೋಶಗಳ ಸರಪಳಿಗಳೆಲ್ಲ ಮಾಯವಾದವು. ಔಷಧಿ ನಿಲ್ಲಿಸಿದ ಎರಡು ವಾರಗಳಲ್ಲಿ ಎಲ್ಲವೂ ಮೊದಲಿನಂತೆ ಮರಳಿ ಬಂದಿತ್ತು. ಹಾಗಾದರೆ ಬೀಜ ಸತ್ತಿರಲಿಲ್ಲ. ಅದು ತೀರ ನಿಧಾನವಾಗಿ ಒಡೆಯುವ, ಆದ್ದರಿಂದಲೇ ಔಷಧಿಗೆ ಸಿಗದೆ ಉಳಿದ ಕೋಶ. ನೋಡಿದರೆ ಅದು ಆಸ್ಟ್ರೋಸೈಟಿನ ರೂಪದಲ್ಲಿತ್ತು! ನರಕೋಶಕ್ಕೆ ಅನ್ನ ನೀರು ಒದಗಿಸುವ ಆಳುಕೋಶವೆಂದು ಯಾವುದನ್ನು ಕಡೆಗಣಿಸಲಾಗಿತ್ತೋ ಆ ಕುಲದಲ್ಲೇ ತಾಯಿ ಅಡಗಿದ್ದಳು. ಆಲ್ಟ್‌ಮನ್‌ರ ಚುಕ್ಕೆಗಳನ್ನು ಗ್ಲಿಯಾ ಎಂದು ತಳ್ಳಿಹಾಕಿದ್ದನ್ನು ನೆನೆದರೆ ಇದರ ವ್ಯಂಗ್ಯ ಇನ್ನೂ ಹೆಚ್ಚು.

ಈ ತಾಯಿಕೋಶಕ್ಕೆ ಬಿ ಎಂದು ಹೆಸರು. ಅದು ಒಂದು ತುದಿಯಿಂದ ಕುಹರದ ನೀರಿಗೆ ಕೂದಲೆಳೆಯಂಥ ಅಂಗವನ್ನು ಚಾಚಿ, ಇನ್ನೊಂದು ತುದಿಯನ್ನು ರಕ್ತನಾಳದ ಮೇಲೆ ಊರಿ ಕುಳಿತಿದೆ. ಎರಡೂ ಕಡೆಯ ಸುದ್ದಿ ಅದಕ್ಕೆ ಮುಟ್ಟುತ್ತದೆ. ಅದರಿಂದ ಹುಟ್ಟಿ ಭರಭರನೆ ಹೆಚ್ಚುವ ಮಧ್ಯದ ಪೀಳಿಗೆ ಸಿ. ಸಿಯಿಂದ ಹೊರಟು ಯಾತ್ರೆ ಹೋಗುವ ಎಳೆಯ ನರಕೋಶ ಎ. ಇ.ಜಿ.ಎಫ್. ಗ್ರಾಹಕ ಹೆಚ್ಚಾಗಿರುವುದು ಸಿ ಕೋಶಗಳಲ್ಲಿ. ಆದ್ದರಿಂದ 1992ರ ತಟ್ಟೆಯಲ್ಲಿ ಕದ ತಟ್ಟಿದ ಸದ್ದಿಗೆ ಎದ್ದುಬಂದವು ಬಹುಪಾಲು ಈ ಮಧ್ಯದ ಪೀಳಿಗೆಯವು ಎಂದು ಡೋಚ್ 2002ರಲ್ಲಿ ತೋರಿಸಿದರು. ಪೆಪ್ಟೈಡಿನ ಪ್ರಭಾವಕ್ಕೆ ಸಿಕ್ಕ ಸಿ ಕೋಶ ತನ್ನ ದಾರಿ ಬಿಟ್ಟು ಮತ್ತೆ ಆಕರಕೋಶದ ಗುಣ ತಳೆಯುತ್ತದೆ. ಎಂದರೆ ಆ ತಟ್ಟೆ ಮಿದುಳಿನಲ್ಲಿ ಇದ್ದದ್ದನ್ನು ತೋರಿಸಿದ್ದಷ್ಟೇ ಅಲ್ಲ, ಇಲ್ಲದ್ದನ್ನು ಸ್ವಲ್ಪ ಮಟ್ಟಿಗೆ ಸೃಷ್ಟಿಸಿಯೂ ಇತ್ತು. ತೀರ್ಮಾನ ಸರಿಯಾಗಿತ್ತು, ಸಾಕ್ಷಿ ಬೇರೆಯವನದಾಗಿತ್ತು.

ಇಲ್ಲೇ ಆಸೆಗೂ ಅಳತೆಗೂ ಜಗಳ ಹತ್ತುವುದು. ಪೆಪ್ಟೈಡ್ ಸುರಿದರೆ ಕೋಶ ಹೆಚ್ಚುವುದಾದರೆ ಪಾರ್ಕಿನ್ಸನ್ ರೋಗಿಗೂ ಪಾರ್ಶ್ವವಾಯು ಪೀಡಿತರಿಗೂ ಅದನ್ನೇ ಕೊಡಬಾರದೇಕೆ? ಇಲಿಯ ಕುಹರಕ್ಕೆ ಆರು ದಿನ ಇ.ಜಿ.ಎಫ್. ಹರಿಸಿದ 1996ರ ಪ್ರಯೋಗದಲ್ಲಿ ಕೋಶಗಳು ಹೆಚ್ಚಿದ್ದೇನೋ ನಿಜ. ಮರುವರ್ಷ ರ್‍ಯಾಟ್‌ಗಳಲ್ಲಿ ಇದನ್ನೇ ಪರೀಕ್ಷಿಸಿದಾಗ ಘ್ರಾಣಗಡ್ಡೆಗೆ ತಲುಪಿದ ಹೊಸ ನರಕೋಶಗಳ ಸಂಖ್ಯೆ ಇಳಿದು, ಗ್ಲಿಯಾ ಹೆಚ್ಚಿತ್ತು. ಬೆಳೆ ಹುಲುಸಾಗಿತ್ತು, ಕಾಳು ಕಟ್ಟಿರಲಿಲ್ಲ. ಇ.ಜಿ.ಎಫ್. ಗ್ರಾಹಕ ಅಂಕೆ ತಪ್ಪಿದ ಮಿದುಳುಗಡ್ಡೆಗಳಲ್ಲಿ ಕಾಣಿಸುವ ಗ್ರಾಹಕವೂ ಹೌದು ಎಂಬುದನ್ನು ಮರೆಯುವಂತಿಲ್ಲ. 2002ರಲ್ಲಿ ಸ್ವೀಡನ್ನಿನ ಲುಂಡ್ ನಗರದ ವಿಜ್ಞಾನಿಗಳು ಪಾರ್ಶ್ವವಾಯು ಬರಿಸಿದ ರ್‍ಯಾಟ್‌ಗಳಲ್ಲಿ, ಹೊಸ ಕೋಶಗಳು ತಾವಾಗಿಯೇ ಗಾಯದ ಕಡೆಗೆ ಹೊರಳಿ ಬರುವುದನ್ನು ಕಂಡರು. ಬಂದವುಗಳಲ್ಲಿ ಹೆಚ್ಚಿನವು ಅಲ್ಲೇ ಸತ್ತವು.

ಮಿದುಳು ತಾನಾಗಿ ಯಾವ ಪೆಪ್ಟೈಡುಗಳಿಂದ ಈ ಕೋಶಗಳನ್ನು ನಡೆಸುತ್ತದೆ ಎಂದು ಹುಡುಕಿದವರಿಗೆ ಇದಕ್ಕಿಂತ ಹೆಚ್ಚಿನ ಸ್ವಾರಸ್ಯ ಸಿಕ್ಕಿತು. ಕಾಜುಹಿಕೊ ತಾತೆಮೊಟೊ ಮತ್ತು ವಿಕ್ಟರ್ ಮುಟ್ ಎಂಬವರು 1982ರಲ್ಲಿ ಸ್ಟಾಕ್‌ಹೋಮಿನಲ್ಲಿ ಹಂದಿಯ ಮಿದುಳಿನಿಂದ 36 ಮಣಿಗಳ ಪೆಪ್ಟೈಡೊಂದನ್ನು ತೆಗೆದಿದ್ದರು. ಸರದ ಎರಡೂ ತುದಿಯಲ್ಲಿ ಟೈರೋಸಿನ್ ಇರುವುದರಿಂದ, ಅದರ ಸಂಕೇತಾಕ್ಷರ ಹಿಡಿದು ನ್ಯೂರೋಪೆಪ್ಟೈಡ್ ವೈ ಎಂದು ಹೆಸರಿಟ್ಟರು. ಪ್ರಾಣಿಯ ಮಿದುಳಿಗೆ ಚುಚ್ಚಿದರೆ ಅದು ಹೊಟ್ಟೆಬಾಕತನ ಹುಟ್ಟಿಸುತ್ತದೆ ಎಂಬ ಕಾರಣಕ್ಕೇ ಹೆಸರಾಗಿತ್ತು. ಹಿಪ್ಪೊಕ್ಯಾಂಪಸ್‌ನ ಕೆಲವು ನರಕೋಶಗಳು ಇದನ್ನು ಬಿಡುಗಡೆ ಮಾಡುತ್ತವೆ, ಪಕ್ಕದಲ್ಲೇ ಇರುವ ಬೀಜಕೋಶಗಳಿಗೆ ವೈ1 ಎಂಬ ಗ್ರಾಹಕವಿದೆ ಎಂದು 2000ದ ದಶಕದಲ್ಲಿ ಬ್ರಿಟನ್ನಿನ ಸಂಶೋಧಕರು ಕಂಡುಕೊಂಡರು. ವೈ1 ಗ್ರಾಹಕವಿಲ್ಲದಂತೆ ಬೆಳೆಸಿದ ಇಲಿಗಳಲ್ಲಿ ಒಡೆಯುವ ಕೋಶಗಳೂ ಕಡಿಮೆ. ಅಂದರೆ ನರಕೋಶಗಳ ಚಟುವಟಿಕೆಯೇ ಹೊಸ ನರಕೋಶಗಳ ಹುಟ್ಟಿಗೆ ಕರೆ ಕೊಡಬಲ್ಲದು.

ಕರೆ ಮಿದುಳಿನ ಹೊರಗಿನಿಂದಲೂ ಬರುತ್ತದೆ. 2003ರಲ್ಲಿ ವೈಸ್ ಅವರ ತಂಡ ಬಸುರಿ ಇಲಿಗಳ ಮಿದುಳನ್ನು ನೋಡಿತು. ಹಾಲೂಡಿಸುವ ಹಾರ್ಮೋನೆಂದು ಹೆಸರಾದ ಪ್ರೊಲ್ಯಾಕ್ಟಿನ್, ಕುಹರದ ಗೋಡೆಯ ಆಕರಕೋಶಗಳನ್ನು ಎಬ್ಬಿಸಿ, ಘ್ರಾಣಗಡ್ಡೆಗೆ ಹೋಗುವ ನರಕೋಶಗಳನ್ನು ಹೆಚ್ಚಿಸುತ್ತಿತ್ತು. ಹುಟ್ಟಲಿರುವ ಮರಿಯ ವಾಸನೆ ಹಿಡಿಯಲು ತಾಯಿಯ ಮಿದುಳು ಮೊದಲೇ ಅಣಿಯಾಗುವುದೆಂದರೆ ಇದೇ ಇರಬೇಕು. 2010ರಲ್ಲಿ ಅದೇ ಪ್ರಯೋಗಾಲಯ ಅಪ್ಪನ ಕಥೆಯನ್ನೂ ಹೇಳಿತು: ಮರಿಗಳ ಜತೆ ಗೂಡಿನಲ್ಲಿದ್ದ ಗಂಡು ಇಲಿಯಲ್ಲೂ ಹೊಸ ಕೋಶಗಳು ಹುಟ್ಟಿ, ಮರಿಗಳು ಬೆಳೆದು ದೊಡ್ಡವಾದ ಮೇಲೂ ತನ್ನವೆಂದು ಅದು ಗುರುತಿಸಬಲ್ಲದಾಗಿತ್ತು. ಅಲ್ಲಿಯೂ ಪ್ರೊಲ್ಯಾಕ್ಟಿನ್ನೇ ಕಾರಣ.

ಇನ್ನೊಂದು ಕರೆ ಕಾಲಿನಿಂದ. ಕ್ಯಾಲಿಫೋರ್ನಿಯಾದ ಸಾಲ್ಕ್ ಸಂಸ್ಥೆಯ ಫ್ರೆಡ್ ಗೇಜ್ ಮತ್ತು ಸಂಗಡಿಗರು, ಆಟದ ಸಾಮಾನುಗಳಿರುವ ವಿಶಾಲ ಗೂಡಿನಲ್ಲಿ ಬೆಳೆದ ಇಲಿಗಳ ಹಿಪ್ಪೊಕ್ಯಾಂಪಸ್‌ನಲ್ಲಿ ಹೆಚ್ಚು ನರಕೋಶ ಇರುವುದನ್ನು 1997ರಲ್ಲೂ, ಚಕ್ರದ ಮೇಲೆ ಓಡುವ ಇಲಿಗಳಲ್ಲಿ ಹೊಸ ಕೋಶಗಳು ಹೆಚ್ಚುವುದನ್ನು 1999ರಲ್ಲೂ ತೋರಿಸಿದ್ದರು. ಓಡುವ ಕಾಲಿನ ಸುದ್ದಿ ಮಿದುಳಿಗೆ ಒಯ್ಯುವವರು ಯಾರು? ಇನ್ಸುಲಿನ್ನಿನ ದಾಯಾದಿಯಾದ 70 ಮಣಿಗಳ ಐ.ಜಿ.ಎಫ್.-1 ಎಂಬ ಪೆಪ್ಟೈಡ್. ರಕ್ತದಲ್ಲಿರುವ ಈ ಪೆಪ್ಟೈಡ್ ಮಿದುಳಿಗೆ ಹೋಗದಂತೆ ತಡೆದರೆ ಎಷ್ಟು ಓಡಿದರೂ ಹೊಸ ಕೋಶ ಹೆಚ್ಚಲಿಲ್ಲ. 2001ರಲ್ಲಿ ಇದನ್ನು ಪ್ರಕಟಿಸಿದ್ದು ಮ್ಯಾಡ್ರಿಡ್ ನಗರದ ಕಹಾಲ್ ಸಂಸ್ಥೆ. ಮುಂದಿನ ವಿಜ್ಞಾನ ಬದಲಿಸಲಿ ಎಂದಿದ್ದ ಹಿರಿಯನ ಹೆಸರನ್ನೇ ಹೊತ್ತ ಸಂಸ್ಥೆ.

ಇಲಿಯ ಮಾತು ಇಲ್ಲಿಗೆ ಬಹುಮಟ್ಟಿಗೆ ಇತ್ಯರ್ಥವಾಗಿದೆ. ಮನುಷ್ಯರ ಮಾತು ಆಗಿಲ್ಲ. ಕೋಶವಿಭಜನೆಯನ್ನು ಗುರುತಿಸುವ ಔಷಧಿಯನ್ನು ಚಿಕಿತ್ಸೆಯ ಸಂದರ್ಭದಲ್ಲಿ ಪಡೆದಿದ್ದ ಐವರು ಕ್ಯಾನ್ಸರ್ ರೋಗಿಗಳ ಮಿದುಳನ್ನು ಅವರ ಮರಣಾನಂತರ ಪರೀಕ್ಷಿಸಿ, ಸ್ವೀಡನ್ನಿನ ಪೀಟರ್ ಎರಿಕ್ಸನ್ ಮತ್ತು ಗೇಜ್ 1998ರಲ್ಲಿ ಹಿಪ್ಪೊಕ್ಯಾಂಪಸ್‌ನಲ್ಲಿ ಹೊಸ ನರಕೋಶ ಇದೆ ಎಂದರು. 2013ರಲ್ಲಿ ಸ್ಟಾಕ್‌ಹೋಮಿನ ಯೋನಾಸ್ ಫ್ರಿಸೇನ್ ಅವರ ತಂಡ, ಶೀತಲ ಸಮರದ ಅಣ್ವಸ್ತ್ರ ಪರೀಕ್ಷೆಗಳು ಗಾಳಿಗೆ ಸೇರಿಸಿದ ಇಂಗಾಲ-14ನ್ನೇ ಗಡಿಯಾರವಾಗಿ ಬಳಸಿ, ದಿನಕ್ಕೆ ಒಂದೊಂದು ಹಿಪ್ಪೊಕ್ಯಾಂಪಸ್‌ಗೆ ಸುಮಾರು 700 ಹೊಸ ಕೋಶ ಎಂದು ಲೆಕ್ಕ ಹಾಕಿತು. ಆದರೆ ಇಲಿಯಲ್ಲಿ ಅಷ್ಟು ತುಂಬಿ ಹರಿಯುವ ಘ್ರಾಣಗಡ್ಡೆಯ ದಾರಿ ಮನುಷ್ಯರಲ್ಲಿ ಎಳೆಗೂಸಾಗಿರುವಾಗ ಮಾತ್ರ ಚೆನ್ನಾಗಿ ಕಾಣಿಸುತ್ತದೆ, ಒಂದೂವರೆ ವರ್ಷ ದಾಟಿದರೆ ಬಹುತೇಕ ಬತ್ತಿಹೋಗಿರುತ್ತದೆ.

2011ರಲ್ಲಿ ಸ್ಪೇನಿನ ಆಸ್ಟೂರಿಯಾಸ್ ರಾಜಕುಮಾರ ಪ್ರಶಸ್ತಿಯನ್ನು ಆಲ್ಟ್‌ಮನ್, ಆಲ್ವಾರೆಸ್-ಬುಯಾ ಮತ್ತು ಇಟಲಿಯ ಜಾಕೊಮೊ ರಿಜ್ಜೊಲಾತ್ತಿ ಹಂಚಿಕೊಂಡರು. ಮೊದಲ ಲೇಖನ ಬರೆದು ಆಗ ಸುಮಾರು ಐವತ್ತು ವರ್ಷವಾಗಿತ್ತು. ಆಲ್ಟ್‌ಮನ್ 2016ರಲ್ಲಿ ತೀರಿಕೊಂಡರು. ಎರಡು ವರ್ಷಗಳ ಮೇಲೆ, ಅದೇ ಆಲ್ವಾರೆಸ್-ಬುಯಾ ಅವರ ಪ್ರಯೋಗಾಲಯವೇ ಮನುಷ್ಯರ ಹಿಪ್ಪೊಕ್ಯಾಂಪಸ್‌ನಲ್ಲಿ ಬಾಲ್ಯ ಕಳೆದ ಮೇಲೆ ಹೊಸ ನರಕೋಶ ಕಾಣುವುದಿಲ್ಲವೆಂದು ಘೋಷಿಸಿತು. ಒಂದು ತಿಂಗಳೊಳಗೆ ನ್ಯೂಯಾರ್ಕಿನ ಇನ್ನೊಂದು ತಂಡ, ಮುಪ್ಪಿನಲ್ಲೂ ಅವು ಕಾಣುತ್ತವೆ ಎಂದು ಉತ್ತರ ಕೊಟ್ಟಿತು. ಸತ್ತ ಎಷ್ಟು ಗಂಟೆಗಳ ಮೇಲೆ ಮಿದುಳನ್ನು ತೆಗೆದರು, ಯಾವ ರಾಸಾಯನಿಕದಲ್ಲಿ ಎಷ್ಟು ಹೊತ್ತು ಇಟ್ಟರು ಎಂಬುದರ ಮೇಲೆಲ್ಲ ವಾದ ನಡೆಯಿತು. 2025ರ ಜುಲೈನಲ್ಲಿ ಫ್ರಿಸೇನ್ ತಂಡ ಒಂದೊಂದೇ ಕೋಶಕೇಂದ್ರದ ಆರ್.ಎನ್.ಎ. ಓದುವ ಹೊಸ ವಿಧಾನದಿಂದ, ಒಡೆಯುತ್ತಿರುವ ಬೀಜಕೋಶಗಳನ್ನೇ ಬೆಳೆದ ಮನುಷ್ಯರ ಮಿದುಳಿನಲ್ಲಿ ಹಿಡಿದು ತೋರಿಸಿತು. ಕೆಲವರಲ್ಲಿ ಅವು ಸಾಕಷ್ಟಿದ್ದವು. ಕೆಲವರಲ್ಲಿ ಹುಡುಕಿದರೂ ಹೆಚ್ಚು ಕಡಿಮೆ ಇರಲೇ ಇಲ್ಲ.